ಮೂರು ತಂತಿಯ ಪೇಸ್‌ಮೇಕರ್: ಯಾರಿಗೆ ಒಗ್ಗುತ್ತದೆ, ಯಾರಿಗೆ ಇಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನದ ಆರೋಗ್ಯ ಗೋಷ್ಠಿಯಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಯಾದ ಹೃದ್ರೋಗ ವೈದ್ಯರು ಮಾಡಿದ ಭಾಷಣದ ಬರಹ ರೂಪ)



ಹೃದಯದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಎಂದು ಸಮಿತಿಯವರು ಹೇಳಿದರು. ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ ಎನ್ನುವುದನ್ನು ನೀವು ರೇಡಿಯೋದಲ್ಲಿ, ಟಿವಿಯಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ ಸಾಕಷ್ಟು ನೋಡಿದ್ದೀರಿ. ಅದೆಲ್ಲ ನಿಜ, ಅದನ್ನು ಬಿಡಬೇಡಿ. ನಾನು ಇವತ್ತು ಬೇರೊಂದು ಸಣ್ಣ ವಿಷಯ ಎತ್ತಿಕೊಳ್ಳುತ್ತೇನೆ. ಸಣ್ಣದು ಎಂದೆ, ಆದರೆ ಅದಕ್ಕಾಗಿ ಜಮೀನು ಮಾರುವವರಿದ್ದಾರೆ. ಹಾರ್ಟ್ ಫೇಲ್ಯೂರ್ ಇರುವ ತಂದೆಯನ್ನೋ ತಾಯಿಯನ್ನೋ ಕರೆದುಕೊಂಡು ಬಂದ ಮಕ್ಕಳು ಕೇಳುತ್ತಾರೆ: "ಸಾರ್, ಮೂರು ತಂತಿಯ ಪೇಸ್‌ಮೇಕರ್ ಹಾಕಿಸಿ ಅಂದಿದಾರೆ. ಲಕ್ಷಗಟ್ಟಲೆ ಆಗುತ್ತಂತೆ. ಗದ್ದೆ ಮಾರಿಯಾದರೂ ಹಾಕಿಸ್ತೀವಿ. ಅಪ್ಪ ಮೊದಲಿನ ಹಾಗೆ ಆಗ್ತಾರಾ?"

ಈ ಕೊನೆಯ ಪ್ರಶ್ನೆಗೆ ಎಷ್ಟರ ಮಟ್ಟಿಗೆ ಮೊದಲೇ ಉತ್ತರ ಹೇಳಬಹುದು? ಜಗತ್ತಿನ ಹೃದ್ರೋಗ ವೈದ್ಯರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದರ ಹಿಂದೆ ಬಿದ್ದಿದ್ದಾರೆ.

ಮೊದಲು ಕಾಯಿಲೆ ಏನೆಂದು ನೋಡೋಣ. ಹಾರ್ಟ್ ಫೇಲ್ಯೂರ್ ಎಂದ ತಕ್ಷಣ ಹೃದಯ ನಿಂತೇ ಹೋಯಿತು ಎಂದು ಜನ ಗಾಬರಿಯಾಗುತ್ತಾರೆ. ಹಾಗಲ್ಲ. ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ಮೈಗೆ ಬೇಕಾದಷ್ಟು ರಕ್ತವನ್ನು ತಳ್ಳಲು ಆಗುವುದಿಲ್ಲ. ಆರೋಗ್ಯವಂತರ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ಕಳಿಸುವ ದೊಡ್ಡ ಕೋಣೆ, ತನ್ನಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಒಂದೊಂದು ಬಡಿತಕ್ಕೂ ಹೊರಗೆ ಹಾಕುತ್ತದೆ, ಸುಮಾರು ಶೇಕಡ 55ರಿಂದ 65. ಎಕೋ ರಿಪೋರ್ಟಿನಲ್ಲಿ 'ಇಎಫ್' ಎಂದು ಬರೆದಿರುವುದು ಇದನ್ನೇ. ಇದು 35ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವರಲ್ಲಿ ಅನೇಕರಿಗೆ ಕಾಲು ಊದುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕು, ಮೂರು ದಿಂಬು ಬೇಕು.

ಇಂಥವರಲ್ಲಿ ಕೆಲವರಿಗೆ ಸ್ನಾಯು ದುರ್ಬಲವಾಗಿರುವುದರ ಜೊತೆಗೆ ಇನ್ನೊಂದು ತೊಂದರೆ ಇರುತ್ತದೆ. ಹೃದಯದೊಳಗೆ ಕರೆಂಟ್ ಹರಿಯಲು ತನ್ನದೇ ಲೈನ್ ಇದೆ. ಮೇಲಿನಿಂದ ಬಂದ ಲೈನ್ ಕೆಳಗೆ ಎರಡಾಗಿ ಕವಲೊಡೆಯುತ್ತದೆ, ಬಲಕ್ಕೆ ಒಂದು, ಎಡಕ್ಕೆ ಒಂದು. ಎಡಗಡೆ ಕವಲು ಕೆಟ್ಟರೆ ಅದಕ್ಕೆ 'ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್' ಎನ್ನುತ್ತೇವೆ. ಆಗ ಬಲಗಡೆಗೆ ಸುದ್ದಿ ಫೋನಿನಲ್ಲಿ ಹೋದ ಹಾಗೆ ತಕ್ಷಣ ತಲುಪುತ್ತದೆ. ಎಡಗಡೆಗೆ ಬಾಯಿಂದ ಬಾಯಿಗೆ, ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಹಾದು ನಿಧಾನವಾಗಿ ಹೋಗಬೇಕು. ನಡುಗೋಡೆ ಮೊದಲು ಸಂಕುಚಿಸುತ್ತದೆ, ಆಗ ಎಡಬದಿಯ ದೂರದ ಗೋಡೆ ಇನ್ನೂ ಸಡಿಲವಾಗಿ ಉಬ್ಬಿಕೊಂಡಿರುತ್ತದೆ. ಆ ಗೋಡೆ ಸಂಕುಚಿಸುವ ಹೊತ್ತಿಗೆ ನಡುಗೋಡೆ ಸಡಿಲವಾಗಿರುತ್ತದೆ. ರಕ್ತ ಹೊರಗೆ ಹೋಗುವ ಬದಲು ಒಳಗೇ ಅತ್ತಿಂದಿತ್ತ ತುಳುಕಾಡುತ್ತದೆ.

ಉಳುಮೆ ಮಾಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜೋಡೆತ್ತಿನಲ್ಲಿ ಒಂದು ಎಳೆದು ನಿಂತ ಮೇಲೆ ಇನ್ನೊಂದು ಎಳೆಯಲು ಶುರು ಮಾಡಿದರೆ ನೊಗ ಓರೆಯಾಗುತ್ತದೆ, ನೇಗಿಲು ಸಾಗುವುದಿಲ್ಲ, ಎರಡೂ ಎತ್ತು ಬಳಲುತ್ತವೆ. ಎರಡನ್ನೂ ಒಟ್ಟಿಗೆ ಎಳೆಯುವ ಹಾಗೆ ಮಾಡುವುದೇ ಈ ಚಿಕಿತ್ಸೆ. ಇಂಗ್ಲಿಷ್ ಹೆಸರು ಕಾರ್ಡಿಯಾಕ್ ರೀಸಿಂಕ್ರೊನೈಸೇಷನ್ ಥೆರಪಿ, ಚಿಕ್ಕದಾಗಿ ಸಿಆರ್‌ಟಿ. ಭುಜದ ಮೂಳೆಯ ಕೆಳಗೆ ಚರ್ಮದಡಿ ಸಣ್ಣ ಪೆಟ್ಟಿಗೆ ಇಡುತ್ತಾರೆ. ಅದರಿಂದ ಸಾಮಾನ್ಯವಾಗಿ ಮೂರು ತಂತಿ. ಒಂದು ಬಲ ಮೇಲಿನ ಕೋಣೆಗೆ, ಒಂದು ಬಲ ಕೆಳಗಿನ ಕೋಣೆಗೆ. ಮೂರನೆಯದನ್ನು ಹೃದಯದ ಹಿಂಬದಿಯ ರಕ್ತನಾಳದ ಮೂಲಕ ಎಡ ಹೃತ್ಕುಕ್ಷಿಯ ಹೊರಮೈಗೆ ತಲುಪಿಸುತ್ತಾರೆ. ಎರಡು ಕಡೆಗೂ ಹೊಂದಿಸಿದ ಹೊತ್ತಿಗೆ ಕರೆಂಟ್ ಸಿಗುತ್ತದೆ.

1994ರಲ್ಲಿ ಫ್ರಾನ್ಸಿನ ಸೆರ್ಜ್ ಕಾಜೋ ಮತ್ತು ಸಂಗಡಿಗರು 54 ವರ್ಷದ ಒಬ್ಬ ರೋಗಿಯ ವರದಿ ಪ್ರಕಟಿಸಿದರು. ತೀರಾ ಕೊನೆಯ ಹಂತದ ಹಾರ್ಟ್ ಫೇಲ್ಯೂರ್. ಹೃದಯದ ನಾಲ್ಕೂ ಕೋಣೆಗೆ ತಂತಿ ಹಾಕಿ ಒಟ್ಟಿಗೆ ಬಡಿಯುವಂತೆ ಮಾಡಿದರು. ಆರು ವಾರದಲ್ಲಿ ಊದಿಕೊಂಡಿದ್ದ ನೀರೆಲ್ಲ ಇಳಿದು ಅವರ ತೂಕ 17 ಕಿಲೋ ಕಡಿಮೆಯಾಗಿತ್ತು. ಇಂಥದ್ದನ್ನು ಕಂಡ ಯಾವ ವೈದ್ಯನಿಗೂ ಇದನ್ನು ಎಲ್ಲರಿಗೂ ಹಾಕಿಬಿಡೋಣ ಎನ್ನಿಸುವುದು ಸಹಜ.

ಆದರೆ ಎಲ್ಲರಿಗೂ ಹಾಗಾಗಲಿಲ್ಲ. 2002ರಲ್ಲಿ 'ಮಿರಾಕಲ್' ಎನ್ನುವ ಅಧ್ಯಯನದ ಫಲಿತಾಂಶ ಬಂತು. 453 ರೋಗಿಗಳು. ಎಲ್ಲರಿಗೂ ಯಂತ್ರ ಹಾಕಿದರು, ಆದರೆ ಸುಮಾರು ಅರ್ಧ ಜನರಲ್ಲಿ ಮಾತ್ರ ಈ ಚಿಕಿತ್ಸೆಯನ್ನು ಚಾಲೂ ಮಾಡಿದರು. ಯಾರದು ಚಾಲೂ ಇದೆ ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳ ನಂತರ ನೋಡಿದರೆ, ಚಾಲೂ ಇದ್ದವರಲ್ಲಿ ಶೇಕಡ 67 ಮಂದಿ ಸುಧಾರಿಸಿದ್ದರು. ಮೂವರಲ್ಲಿ ಒಬ್ಬರಿಗೆ ಒಗ್ಗುವುದಿಲ್ಲ ಎಂದು ನಾವು ಇವತ್ತಿಗೂ ಹೇಳುವ ಮಾತಿನ ಮೂಲ ಇಂಥ ಲೆಕ್ಕಗಳಲ್ಲಿದೆ. ಹಲವರು ಗಮನಿಸದೆ ಬಿಡುವ ಸಂಖ್ಯೆ ಇನ್ನೊಂದಿದೆ: ಚಿಕಿತ್ಸೆ ಚಾಲೂ ಇಲ್ಲದವರಲ್ಲೂ ಶೇಕಡ 39 ಮಂದಿ ಸುಧಾರಿಸಿದ್ದರು! ಯಂತ್ರ ಹಾಕಿದ್ದಾರೆ ಎನ್ನುವ ಧೈರ್ಯ, ಮೇಲಿಂದ ಮೇಲೆ ತಪಾಸಣೆ, ಮಾತ್ರೆ ತಪ್ಪದೆ ನುಂಗುವುದು, ಕಾಯಿಲೆಯ ಸಹಜ ಏರಿಳಿತ, ಎಲ್ಲವೂ ಅದರಲ್ಲಿ ಸೇರಿರಬೇಕು. ಹಾಗಾಗಿ "ನಮ್ಮ ಮಾವನಿಗೆ ಹಾಕಿಸಿದ ಮೇಲೆ ಚೆನ್ನಾಗಾದರು" ಎಂದು ಯಾರಾದರೂ ಹೇಳಿದರೆ ಸಂತೋಷಪಡಿ. ಆದರೆ ಆ ಒಂದು ಮಾತಿನ ಮೇಲೆ ಗದ್ದೆಯ ತೀರ್ಮಾನ ಮಾಡಬೇಡಿ.

ಯಂತ್ರವೇ ದಂಡ ಎಂದು ತಿಳಿಯುವುದೂ ಬೇಡ. 2005ರಲ್ಲಿ ಯುರೋಪಿನಲ್ಲಿ 813 ಮಂದಿಯ ಮೇಲೆ ನಡೆದ 'ಕೇರ್ ಎಚ್‌ಎಫ್' ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಸರಾಸರಿ ಎರಡೂವರೆ ವರ್ಷದ ಹತ್ತಿರ ಹತ್ತಿರ ರೋಗಿಗಳನ್ನು ಗಮನಿಸಿದಾಗ, ಬರೀ ಔಷಧಿಯಲ್ಲಿದ್ದವರಲ್ಲಿ ಶೇಕಡ 30 ಮಂದಿ ತೀರಿಕೊಂಡಿದ್ದರು, ಯಂತ್ರವೂ ಇದ್ದವರಲ್ಲಿ ಶೇಕಡ 20. ನೂರರಲ್ಲಿ ಹತ್ತು ಜೀವ ಉಳಿಸುವ ಚಿಕಿತ್ಸೆ ಹೃದ್ರೋಗದಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಂದಹಾಗೆ, ಅದರಲ್ಲಿ ಬಳಸಿದ್ದು ಶಾಕ್ ಕೊಡುವ ಸೌಲಭ್ಯ ಇಲ್ಲದ ಯಂತ್ರ. ಶಾಕ್ ಇರುವುದು, ಇಲ್ಲದ್ದು ಎಂದು ಎರಡು ಬಗೆ ಇದೆ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಯಾವುದು ಬರೆದಿದ್ದಾರೆ, ಯಾಕೆ ಬರೆದಿದ್ದಾರೆ ಎಂದು ಕೇಳಲು ಸಂಕೋಚ ಬೇಡ.

ಹಾಗಾದರೆ ಲಾಭ ಪಡೆಯುವವರನ್ನು ಮೊದಲೇ ಗುರುತಿಸುವುದು ಹೇಗೆ?

ಮಕ್ಕಳೇ, ಇಲ್ಲಿ ನಿಮ್ಮ ಗಣಿತದ ಗ್ರಾಫ್ ಹಾಳೆ ಬರುತ್ತದೆ. ಇಸಿಜಿ ತೆಗೆಯುವ ಹಾಳೆಯೂ ಗ್ರಾಫ್ ಹಾಳೆಯೇ. ಅದರ ಒಂದು ಸಣ್ಣ ಮನೆ ಒಂದು ಮಿಲಿಮೀಟರ್. ಹಾಳೆ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ಒಂದು ಸಣ್ಣ ಮನೆ ಎಷ್ಟು ಹೊತ್ತು? ಸೆಕೆಂಡನ್ನು 25ರಿಂದ ಭಾಗಿಸಿ: 40 ಮಿಲಿಸೆಕೆಂಡು. ಕೆಳಗಿನ ಕೋಣೆಗಳಿಗೆ ಕರೆಂಟ್ ಹರಡುವಾಗ ಹಾಳೆಯ ಮೇಲೆ ಚೂಪಾದ ಒಂದು ಗೆರೆ ಏಳುತ್ತದೆ, ಅದಕ್ಕೆ ಕ್ಯೂಆರ್‌ಎಸ್ ಎಂದು ಹೆಸರು. ಲೈನ್ ಸರಿಯಿದ್ದರೆ ಇದರ ಅಗಲ ಮೂರು ಸಣ್ಣ ಮನೆಗಿಂತ ಕಡಿಮೆ, ಅಂದರೆ 120 ಮಿಲಿಸೆಕೆಂಡಿನೊಳಗೆ. ಎಡಗಡೆ ಸುದ್ದಿ ತಡವಾಗಿ ತಲುಪುತ್ತಿದ್ದರೆ ಗೆರೆ ಅಗಲವಾಗುತ್ತದೆ. ಸುಮಾರು ನಾಲ್ಕು ಮನೆ, ಅಂದರೆ 150 ಮಿಲಿಸೆಕೆಂಡು ದಾಟಿ, ಗೆರೆಯ ಆಕಾರವೂ ಎಡ ಕವಲಿನ ಬ್ಲಾಕ್‌ನದ್ದೇ ಆಗಿದ್ದರೆ ಲಾಭದ ಸಾಧ್ಯತೆ ಅತಿ ಹೆಚ್ಚು. ಇಎಫ್ 35 ಅಥವಾ ಕಡಿಮೆ ಇರುವ, ಪೂರ್ತಿ ಔಷಧಿ ಕೊಟ್ಟರೂ ಆಯಾಸ ಹೋಗದ ಇಂಥವರಿಗೆ ಹಾಕಿ ಎಂದು ಅಮೆರಿಕ, ಯುರೋಪ್ ಎರಡೂ ಕಡೆಯ ಮಾರ್ಗಸೂಚಿಗಳು ಬಲವಾಗಿ ಹೇಳುತ್ತವೆ.

ಆಕಾರ ಎಂದೆನಲ್ಲ, ಅದನ್ನು ಮರೆಯಬಾರದು. ಬಲ ಕವಲು ಕೆಟ್ಟಾಗಲೂ ಗೆರೆ ಅಗಲವಾಗುತ್ತದೆ. ಆದರೆ ಅಲ್ಲಿ ತಡವಾಗುವುದು ಬಲ ಎತ್ತು, ನಾವು ತಂತಿ ಹಾಕಿ ಎಬ್ಬಿಸುವುದು ಎಡ ಎತ್ತನ್ನು. ಆದ್ದರಿಂದ ಅಂಥವರಿಗೆ ಲಾಭ ಕಡಿಮೆ. ಇಸಿಜಿ ಮೇಲೆ ಯಂತ್ರವೇ ಮುದ್ರಿಸುವ ಅಂಕಿಯನ್ನು ಮಾತ್ರ ನೋಡಿ ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಹಾಳೆ ಇಷ್ಟು ಹೇಳುತ್ತದೆ ಎಂದರೆ ನಂಬಲು ಕಷ್ಟ. ವೈದ್ಯರಿಗೂ ಕಷ್ಟವಾಯಿತು. ಇದಕ್ಕಿಂತ ಸೂಕ್ಷ್ಮವಾದದ್ದು ಬೇಕು, ಹೃದಯದ ಗೋಡೆಗಳು ಹಿಂದುಮುಂದಾಗಿ ಸಂಕುಚಿಸುವುದನ್ನು ಎಕೋದಲ್ಲಿ ನೇರವಾಗಿ ಅಳೆದರೆ ಆಯಿತು ಎಂದುಕೊಂಡರು. ತರ್ಕ ಸರಿಯಾಗಿಯೇ ಇತ್ತು. 2008ರಲ್ಲಿ 'ಪ್ರಾಸ್ಪೆಕ್ಟ್' ಅಧ್ಯಯನ ಬಂತು: 53 ಕೇಂದ್ರಗಳು, 498 ರೋಗಿಗಳು, ಎಕೋದ 12 ಬಗೆಯ ಅಳತೆಗಳು. ಆ ಹನ್ನೆರಡರಲ್ಲಿ ಒಂದನ್ನೂ ರೋಗಿಯನ್ನು ಆರಿಸಲು ನೆಚ್ಚಿಕೊಳ್ಳುವಂತಿರಲಿಲ್ಲ. ಒಂದೇ ಚಿತ್ರವನ್ನು ಇಬ್ಬರು ಪರಿಣತರು ಅಳೆದರೆ ಬೇರೆ ಬೇರೆ ಅಂಕಿ ಬರುತ್ತಿತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಕ್ಕದವನ ರೀಡಿಂಗ್ ನೋಡಿ ಬರೆದವರಿಗೆ ಈ ಸಂಕಟ ಗೊತ್ತಿರುವುದಿಲ್ಲ, ಪ್ರಾಮಾಣಿಕವಾಗಿ ಅಳೆದವರಿಗೆ ಗೊತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಇಸಿಜಿ ಗೆರೆ ಸಪೂರವಾಗಿಯೇ ಇದೆ, ಆದರೆ ಎಕೋದಲ್ಲಿ ಹೊಂದಾಣಿಕೆ ತಪ್ಪಿದಂತೆ ಕಾಣುತ್ತದೆ, ಇಂಥವರಿಗೂ ಹಾಕಿದರೇನು ಎಂದು 'ಎಕೋ ಸಿಆರ್‌ಟಿ' ಅಧ್ಯಯನ ಕೇಳಿತು. 809 ಜನರಿಗೆ ಯಂತ್ರ ಹಾಕಿ, ಅರ್ಧ ಜನರಲ್ಲಿ ಈ ಚಿಕಿತ್ಸೆ ಚಾಲೂ ಮಾಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ಚಾಲೂ ಇದ್ದವರಲ್ಲಿ 45 ಮಂದಿ ತೀರಿಕೊಂಡಿದ್ದರು, ಇಲ್ಲದವರಲ್ಲಿ 26. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಒಟ್ಟಿಗೆ ಎಳೆಯುತ್ತಿದ್ದ ಎತ್ತುಗಳಿಗೆ ಹೊರಗಿನಿಂದ ಬಾರುಕೋಲು ತೋರಿಸಿ ದಾರಿ ತಪ್ಪಿಸಿದ ಹಾಗೆ. "ಹಾಕಿಸಿದರೆ ನಷ್ಟವೇನು, ಒಂದು ಪ್ರಯತ್ನ ಮಾಡೋಣ" ಎನ್ನುವವರಿಗೆ ನಾನು ಈ ಎರಡು ಸಂಖ್ಯೆ ಹೇಳುತ್ತೇನೆ. ಗೆರೆ 130 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದು, ಬಡಿತ ನಿಧಾನವಾಗಿ ಪೇಸ್‌ಮೇಕರ್ ಬೇಕಾದಂಥ ಬೇರೆ ಕಾರಣ ಇಲ್ಲದಿದ್ದರೆ, ಈ ಯಂತ್ರ ಬೇಡ.

ಹೆಂಗಸರ ವಿಷಯ ಸ್ವಲ್ಪ ಬೇರೆ, ಇದನ್ನು ಇಲ್ಲಿರುವ ತಾಯಂದಿರು ಕೇಳಿಸಿಕೊಳ್ಳಬೇಕು. ಹೆಣ್ಣಿನ ಹೃದಯ ಗಾತ್ರದಲ್ಲಿ ಚಿಕ್ಕದು. ಆದ್ದರಿಂದ ಎಡ ಕವಲು ಪೂರ್ತಿ ಕೆಟ್ಟಿದ್ದರೂ ಗೆರೆ ಗಂಡಸರಷ್ಟು ಅಗಲವಾಗದೇ ಇರಬಹುದು. 2014ರಲ್ಲಿ ಮೂರು ದೊಡ್ಡ ಅಧ್ಯಯನಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಎಡ ಬ್ಲಾಕ್ ಇದ್ದು ಗೆರೆ 130ರಿಂದ 149ರೊಳಗೆ ಇದ್ದ ಹೆಂಗಸರಿಗೆ ಬಹಳ ಲಾಭವಾಗಿತ್ತು, ಅದೇ ಅಗಲದ ಗಂಡಸರಿಗೆ ಗಣನೀಯ ಲಾಭ ಕಂಡಿರಲಿಲ್ಲ. ಅಧ್ಯಯನಗಳಲ್ಲಿ ಹೆಚ್ಚು ಪಾಲು ಗಂಡಸರೇ ಇದ್ದರು, ಅಳತೆಗೋಲೂ ಅವರದ್ದೇ ಆಯಿತು. ಮನೆಯಲ್ಲೂ ಅಷ್ಟೆ. ಗಂಡನಿಗಾದರೆ ಸಾಲ ಮಾಡಿ ಓಡುತ್ತಾರೆ, ಹೆಂಡತಿಗಾದರೆ "ವಯಸ್ಸಾಯಿತಲ್ಲ" ಎನ್ನುತ್ತಾರೆ. ಲಾಭ ಹೆಚ್ಚು ಆಗುವವರನ್ನೇ ತಡವಾಗಿ ಕರೆತರುತ್ತಾರೆ.

ಇನ್ನು ಎತ್ತಿಗೇ ಕಾಲು ಕುಂಟಾಗಿದ್ದರೆ? ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಸ್ನಾಯು ಸತ್ತು ಕಲೆ ಉಳಿಯುತ್ತದೆ. ಕಲೆಗಟ್ಟಿದ ಜಾಗಕ್ಕೆ ಎಷ್ಟು ಸರಿಯಾದ ಹೊತ್ತಿಗೆ ಕರೆಂಟ್ ಕೊಟ್ಟರೂ ಅದು ಎಳೆಯುವುದಿಲ್ಲ. ಹಾರ್ಟ್ ಅಟ್ಯಾಕ್ ಆಗದೆಯೇ ಹೃದಯ ಹಿಗ್ಗಿ ದುರ್ಬಲವಾದವರಲ್ಲಿ ಹೃದಯದ ಗಾತ್ರ ಮತ್ತೆ ಕುಗ್ಗಿ ಸುಧಾರಿಸುವ ಸಾಧ್ಯತೆ ಹೆಚ್ಚು. ನಮ್ಮ ಕಡೆಗೆ ಇದು ಮುಖ್ಯವಾಗುವುದು ಹೀಗೆ: ತಿರುವನಂತಪುರದ ಆಸ್ಪತ್ರೆಗಳಲ್ಲಿ 2013ರಲ್ಲಿ ಹಾರ್ಟ್ ಫೇಲ್ಯೂರಿಗೆ ದಾಖಲಾದ 1205 ಮಂದಿಯ ನೋಂದಣಿ ಮಾಡಿದ್ದರು. ಸರಾಸರಿ ವಯಸ್ಸು 61. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಕಾರಣ ಹೃದಯದ ರಕ್ತನಾಳದ ಕಾಯಿಲೆ. ಅಂದರೆ ಕಲೆ ಇರುವ ಹೃದಯಗಳು ನಮ್ಮಲ್ಲಿ ಹೆಚ್ಚು. ಹಾಗೆಂದು ಅವರಿಗೆ ಯಂತ್ರ ಬೇಡವೇ ಬೇಡ ಎಂದಲ್ಲ. ಕಲೆ ಎಲ್ಲಿದೆ, ಎಷ್ಟಿದೆ ಎಂದು ನೋಡಬೇಕು, ಎಂಆರ್‌ಐ ಅದನ್ನು ಚೆನ್ನಾಗಿ ತೋರಿಸುತ್ತದೆ. ತಂತಿಯ ತುದಿ ಕಲೆಯ ಮೇಲೆ ಕೂರದಂತೆ, ಹೃದಯದ ತೀರಾ ತುದಿಯಲ್ಲೂ ಕೂರದಂತೆ ನೋಡಿಕೊಳ್ಳಬೇಕು.

ಒಳ್ಳೆಯ ರೋಗಿಯನ್ನು ಆರಿಸಿ, ಒಳ್ಳೆಯ ಜಾಗದಲ್ಲಿ ತಂತಿ ಕೂರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಯಂತ್ರ ಎಷ್ಟು ಬಡಿತಗಳನ್ನು ತಾನೇ ನಡೆಸುತ್ತಿದೆ ಎನ್ನುವ ಲೆಕ್ಕ ಅದರೊಳಗೇ ಇರುತ್ತದೆ. ನೂರರಲ್ಲಿ 98ಕ್ಕಿಂತ ಹೆಚ್ಚು ಇದ್ದವರಿಗೆ ಲಾಭ ಹೆಚ್ಚು. ಬಡಿತ ಅಡ್ಡಾದಿಡ್ಡಿಯಾಗುವ ಕಾಯಿಲೆ ಇದ್ದರೆ ಈ ಪಾಲು ಕುಸಿಯುತ್ತದೆ, ಯಂತ್ರ ಇದ್ದೂ ಇಲ್ಲದ ಹಾಗೆ. ಅದನ್ನು ಔಷಧಿಯಿಂದಲೋ ಬೇರೆ ಚಿಕಿತ್ಸೆಯಿಂದಲೋ ಸರಿಮಾಡಬಹುದು, ಆದರೆ ತಪಾಸಣೆಗೆ ಬಂದರೆ ತಾನೆ? ಹಾಕಿಸಿಕೊಂಡು ಊರಿಗೆ ಹೋದವರು ಎರಡು ವರ್ಷ ಇತ್ತ ತಲೆ ಹಾಕುವುದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರು ಯಾರು, ಎಲ್ಲವೂ ನನಗೆ ಅರ್ಥವಾಗುತ್ತದೆ. ಆದರೂ ಬರಬೇಕು.

ಈಗ ಕಂಪ್ಯೂಟರಿಗೇ ಕೇಳೋಣ ಎನ್ನುವ ಕಾಲ. ಹಂಗೇರಿಯ ಬುಡಾಪೆಸ್ಟಿನ ಸೆಮ್ಮೆಲ್‌ವೈಸ್ ವಿಶ್ವವಿದ್ಯಾಲಯದವರು ಯಂತ್ರ ಹಾಕಿಸಿಕೊಂಡ 1510 ರೋಗಿಗಳ ಮಾಹಿತಿಯಿಂದ, 33 ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಲೆಕ್ಕಾಚಾರ ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದರು. ಒಂದರಿಂದ ಐದು ವರ್ಷದೊಳಗೆ ಸಾವಿನ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಒಳ್ಳೆಯ ಕೆಲಸ. ಆದರೆ ಸಾವಿನ ಸಂಭವ ಹೇಳುವುದು ಬೇರೆ, ಯಂತ್ರದಿಂದ ಲಾಭವಾಗುತ್ತದೆಯೇ ಎಂದು ಹೇಳುವುದು ಬೇರೆ. ಕಿಡ್ನಿ ಕೆಟ್ಟ, ವಯಸ್ಸಾದ ಒಬ್ಬರ ಸಂಭವ ಕೆಟ್ಟದಾಗಿಯೇ ಕಾಣಬಹುದು, ಆದರೂ ಯಂತ್ರ ಇಲ್ಲದಿದ್ದರೆ ಅವರ ಸ್ಥಿತಿ ಇನ್ನೂ ಕೆಟ್ಟದಾಗಿರುತ್ತಿತ್ತೇನೋ. ಕಂಪ್ಯೂಟರ್ ಕೊಟ್ಟ ಅಂಕಿಯನ್ನು ತೋರಿಸಿ ಯಾರಾದರೂ ಚಿಕಿತ್ಸೆ ನಿರಾಕರಿಸಿದರೆ ಈ ವ್ಯತ್ಯಾಸವನ್ನು ಕೇಳಬೇಕು.

'ಒಗ್ಗಿತು' ಎಂದರೇನು ಎನ್ನುವುದರಲ್ಲೂ ಒಮ್ಮತವಿಲ್ಲ. ಸಂಶೋಧಕರು ಎಡ ಕೋಣೆಯ ಗಾತ್ರ ಶೇಕಡ 15ರಷ್ಟು ಕುಗ್ಗಿದರೆ ಒಗ್ಗಿತು ಎನ್ನುತ್ತಾರೆ. ರೋಗಿ ಬಚ್ಚಲುಮನೆಗೆ ತಾನೇ ನಡೆದು ಹೋದರೆ ಒಗ್ಗಿತು ಎನ್ನುತ್ತಾನೆ. ಎರಡೂ ಯಾವಾಗಲೂ ಜೊತೆಯಾಗಿ ಬರುವುದಿಲ್ಲ. ಎಕೋ ಸುಧಾರಿಸದೆ ಮನುಷ್ಯ ಸುಧಾರಿಸಿದ್ದನ್ನು ನೋಡಿದ್ದೇನೆ. ಮೂರನೆಯ ಬಗೆಯೂ ಇದೆ. ಈ ಕಾಯಿಲೆ ತನ್ನಷ್ಟಕ್ಕೆ ಬಿಟ್ಟರೆ ಕೆಳಗೆ ಇಳಿಯುತ್ತಾ ಹೋಗುವಂಥದ್ದು. ಎರಡು ವರ್ಷವಾದರೂ ಇದ್ದ ಹಾಗೆಯೇ ಇದ್ದಾರೆ ಎಂದರೆ ಅದೂ ಲಾಭವೇ. "ದುಡ್ಡು ಸುರಿದರೂ ಏನೂ ಬದಲಾಗಲಿಲ್ಲ" ಎಂದು ಮನೆಯವರು ಬೇಸರಿಸುವಾಗ ಇದನ್ನು ವಿವರಿಸುವುದು ನನ್ನ ಕೆಲಸದಲ್ಲಿ ಬಹಳ ಕಷ್ಟದ ಭಾಗ. ಹಾಕಿಸುವ ಮೊದಲೇ ಹೇಳಿದ್ದರೆ ಅರ್ಧ ಕಷ್ಟ ಕಡಿಮೆ.

ಗದ್ದೆಯ ಪ್ರಶ್ನೆ ತಂದವರಿಗೆ ಈಗ ನಾನು ಏನು ಹೇಳುತ್ತೇನೆ? ಮೊದಲು ಔಷಧಿ ಪೂರ್ತಿ ಆಗಿದೆಯೇ ಎಂದು ನೋಡುತ್ತೇನೆ. ಇವತ್ತು ಹಾರ್ಟ್ ಫೇಲ್ಯೂರಿಗೆ ನಾಲ್ಕು ಬಗೆಯ ಔಷಧಿಗಳಿವೆ, ಅವುಗಳಲ್ಲಿ ಒಂದು ಬಗೆ ಮೊದಲು ಸಕ್ಕರೆ ಕಾಯಿಲೆಗೆಂದು ಬಂದದ್ದು. ಸರಿಯಾದ ಪ್ರಮಾಣದಲ್ಲಿ ಕನಿಷ್ಠ ಮೂರು ತಿಂಗಳು ತೆಗೆದುಕೊಂಡು ಮತ್ತೆ ಎಕೋ ಮಾಡಿದರೆ ಕೆಲವರ ಇಎಫ್ 35 ದಾಟಿಬಿಟ್ಟಿರುತ್ತದೆ, ಯಂತ್ರದ ಮಾತೇ ಬೇಕಾಗುವುದಿಲ್ಲ. ಆಮೇಲೆ ಹಾಳೆಯ ಮೇಲೆ ಮನೆಗಳನ್ನು ಮಗನಿಂದಲೋ ಮಗಳಿಂದಲೋ ಎಣಿಸುತ್ತೇನೆ. ನಾಲ್ಕು ಮನೆ, ಎಡ ಬ್ಲಾಕ್, ಹಾರ್ಟ್ ಅಟ್ಯಾಕ್ ಆಗಿಲ್ಲ ಎಂದಾದರೆ "ಗುಣವಾಗುವ ಸಾಧ್ಯತೆ ಚೆನ್ನಾಗಿದೆ, ಖಾತ್ರಿ ಕೊಡಲಾರೆ, ಆದರೆ ನನ್ನ ತಂದೆಯಾಗಿದ್ದರೆ ಹಾಕಿಸುತ್ತಿದ್ದೆ" ಎನ್ನುತ್ತೇನೆ. ಸರ್ಕಾರದ ಯೋಜನೆಯಲ್ಲಿ ನೆರವು ಸಿಗುತ್ತದೆಯೇ ಎಂದು ವಿಚಾರಿಸದೆ ಜಮೀನಿನ ಮಾತು ಆಡಬೇಡಿ ಎಂದೂ ಹೇಳುತ್ತೇನೆ. ಎರಡೂವರೆ ಮನೆ ಇದ್ದರೆ "ಗದ್ದೆ ಉಳಿಸಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ" ಎನ್ನುತ್ತೇನೆ. ಇವೆರಡರ ನಡುವೆ ಇರುವವರೇ ಕಷ್ಟ. ಅವರ ಮುಂದೆ ಎರಡು ಬದಿಯ ಸಾಧ್ಯತೆಗಳನ್ನೂ ಇಡುತ್ತೇನೆ, ರೋಗಿಯನ್ನೂ ಕೇಳುತ್ತೇನೆ. ಎಷ್ಟೋ ಸಲ ಮಕ್ಕಳೇ ಎಲ್ಲ ಮಾತಾಡಿ, ಕುರ್ಚಿಯಲ್ಲಿ ಕೂತ ಅಪ್ಪನನ್ನು ಯಾರೂ ಕೇಳಿರುವುದೇ ಇಲ್ಲ.

ಒಂದು ವಿಷಯ ಹೇಳಿ ಮುಗಿಸುತ್ತೇನೆ. ಹಳೆಯ ಇಸಿಜಿಗಳನ್ನು ಬಿಸಾಡಬೇಡಿ. ಐದು ವರ್ಷದ ಹಿಂದೆ ಗೆರೆ ಎಷ್ಟು ಅಗಲವಿತ್ತು, ಈಗ ಎಷ್ಟಾಗಿದೆ ಎನ್ನುವುದು ನಮಗೆ ಬಹಳ ಸಹಾಯವಾಗುತ್ತದೆ. ಆದರೆ ಈಗಿನ ಇಸಿಜಿ ಹಾಳೆಗಳಲ್ಲಿ ಹೆಚ್ಚಿನವು ಬಸ್ ಟಿಕೆಟ್ ಹಾಳೆಯ ಹಾಗೆ, ಬಿಸಿಲಿಗೆ, ಸೆಕೆಗೆ ಅಕ್ಷರ ಮಾಸಿಹೋಗುತ್ತದೆ. ಟ್ರಂಕಿನಲ್ಲಿ ಭದ್ರವಾಗಿಟ್ಟದ್ದನ್ನು ತೆಗೆದುಕೊಟ್ಟರೆ ಬರೀ ಬಿಳಿ ಹಾಳೆ! ತೆಗೆಸಿದ ದಿನವೇ ಝೆರಾಕ್ಸ್ ಮಾಡಿಸಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ತಾರೀಖು ಕಾಣುವ ಹಾಗೆ. ಇವತ್ತು ಜೊತೆಯಲ್ಲಿ ಇಸಿಜಿ ತಂದವರು ಊಟದ ನಂತರ ಹತ್ತನೇ ತರಗತಿ ಕೊಠಡಿಗೆ ಬನ್ನಿ, ನಾನು ನಾಲ್ಕು ಗಂಟೆಯವರೆಗೆ ಅಲ್ಲೇ ಇರುತ್ತೇನೆ.